ಸಾಲ ತೀರದಾಗ: ದಿವಾಳಿ ಕಾನೂನು ಮತ್ತು ನಮ್ಮ ಸೀಮೆ



ಸಾಲದ ವಿಷಯವನ್ನು ನಮ್ಮ ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಹಾವೇರಿ ಜಿಲ್ಲೆ ತನ್ನವನೆಂದು ಹೇಳಿಕೊಳ್ಳುವ ಸರ್ವಜ್ಞನ ಸಾಲದ ತ್ರಿಪದಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಅದರಲ್ಲಿ ಸಾಲ ಪಡೆಯುವಾಗಿನ ಸುಖವಿದೆ, ಸಾಲಿಗ ಬಂದು ನಿಂತಾಗಿನ ಸಂಕಟವಿದೆ. ಏನು ಮಾಡಿದರೂ ತೀರಿಸಲಾಗದ ಸಾಲ ಕೊನೆಗೆ ಏನಾಗಬೇಕು ಎಂಬ ಪ್ರಶ್ನೆ ಮಾತ್ರ ಅಲ್ಲಿಲ್ಲ. ಇಂದಿನ ಉಪನ್ಯಾಸಕ್ಕೆ ನಾನು ಎತ್ತಿಕೊಂಡಿರುವುದು ಆ ಪ್ರಶ್ನೆಯನ್ನು.

‘ದಿವಾಳಿ ಎದ್ದ’ ಎಂದರೆ ನಮ್ಮಲ್ಲಿ ಬೈಗುಳ. ಹಾಗೆ ಹೇಳಿಸಿಕೊಂಡ ಮನೆಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ಸಾಲ ಮೈಮೇಲೆ ಬಂದವನಿಗೆ ಊರು ತೋರಿಸುವ ದಾರಿಗಳು ಕೆಲವೇ: ಹೊಲ ಮಾರುವುದು, ಇನ್ನೊಬ್ಬರ ಹತ್ತಿರ ಸಾಲ ತಂದು ಇವರ ಬಾಯಿ ಮುಚ್ಚುವುದು, ಸರ್ಕಾರದ ಸಾಲಮನ್ನಾಕ್ಕೆ ಕಾಯುವುದು, ಊರು ಬಿಡುವುದು. ಇದಾವುದೂ ಕೂಡಿಬಾರದೆ ಪ್ರಾಣ ಕಳೆದುಕೊಂಡವರ ಮನೆಗಳು ಈ ಜಿಲ್ಲೆಯಲ್ಲಿ ಇವೆ. ಕಾನೂನಿನಲ್ಲಿ ಇನ್ನೊಂದು ದಾರಿ ನೂರು ವರ್ಷಕ್ಕೂ ಹಿಂದಿನಿಂದ ಇದೆ. ಸಾಲಗಾರ ತಾನಾಗಿಯೇ ನ್ಯಾಯಾಲಯಕ್ಕೆ ಹೋಗಿ, ‘ನನ್ನ ಆಸ್ತಿ ಇಷ್ಟು, ಸಾಲ ಇಷ್ಟು, ತೀರಿಸಲು ಆಗುತ್ತಿಲ್ಲ, ಲೆಕ್ಕ ಮುಗಿಸಿಕೊಡಿ’ ಎಂದು ಕೇಳುವ ದಾರಿ ಅದು. ಈ ದಾರಿ ಪ್ರಾಮಾಣಿಕವಾಗಿ ಸೋತವನ ಹಕ್ಕು, ಅದನ್ನು ಹಕ್ಕಾಗಿಯೇ ನಾವು ಕಲಿಯಬೇಕು ಎಂಬುದು ನನ್ನ ವಾದ. ಆದರೆ ಆ ಹಕ್ಕಿಗೆ ಬೆಲೆಯಿದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ.

ಮೊದಲು ಹಳೆಯ ಮಾತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಹಿಂದೂ ಕುಟುಂಬದ ಆಸ್ತಿಯ ಲೆಕ್ಕವನ್ನು ದೇಶದ ಬಹುಭಾಗದಲ್ಲಿ ನಡೆಸಿದ್ದು ನಮ್ಮ ನೆಲದಲ್ಲಿ ಹುಟ್ಟಿದ ಈ ಗ್ರಂಥ. ಸಾಲ ವಸೂಲಿಗೆ ಅದರಲ್ಲಿ ಪ್ರತ್ಯೇಕ ಪ್ರಕರಣವೇ ಇದೆ. ಒಬ್ಬನಿಗೆ ಹಲವು ಸಾಲಿಗರಿದ್ದರೆ ಸಾಲ ಪಡೆದ ಕ್ರಮದಲ್ಲಿ ತೀರಿಸಬೇಕೆಂಬ ನಿಯಮವನ್ನು ಸ್ಮೃತಿ ಹೇಳುತ್ತದೆ. ಬ್ರಾಹ್ಮಣನಿಗೆ, ಆಮೇಲೆ ರಾಜನಿಗೆ ಮೊದಲ ಪಾಳಿ ಕೊಡುತ್ತದೆ. ಕೈ ಖಾಲಿಯಾದ ಸಾಲಗಾರನ ಬಗ್ಗೆ ಅದರ ಮಾತು ಇನ್ನೂ ಗಮನಾರ್ಹ. ಕೆಳಜಾತಿಯವನಾದರೆ ಮೈಮುರಿದು ದುಡಿದು ತೀರಿಸಬೇಕು. ಬ್ರಾಹ್ಮಣನಾದರೆ ಆದಾಯ ಬಂದಂತೆ ಮೆಲ್ಲಗೆ ಕೊಟ್ಟರೆ ಸಾಕು. ಶಕ್ತಿ ನೋಡಿ ಕಂತು ಕಟ್ಟಿಸಿಕೊಳ್ಳುವ ವಿವೇಕ ಆ ಕಾಲಕ್ಕೂ ಇತ್ತು, ಒಂದು ಜಾತಿಗೆ ಮಾತ್ರ ಇತ್ತು. ಉಳಿದವರ ಪಾಲಿಗೆ ಬಂದದ್ದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯವರೆಗೂ ಅದರ ನೆರಳು ನಮ್ಮ ಹಳ್ಳಿಗಳ ಮೇಲಿತ್ತು.

ಅದೇ ಪರಂಪರೆಯ ಇನ್ನೆರಡು ಸೂತ್ರಗಳನ್ನು ಹೇಳಬೇಕು. ಒಂದು ದಾಮದುಪ್ಪಟ್ಟು: ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು. ಬ್ರಿಟಿಷರ ಕಾಲದಲ್ಲೂ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ಇದನ್ನು ಅನ್ವಯಿಸುತ್ತಿದ್ದವು. ಇನ್ನೊಂದು, ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬುದು. ಇದು ಉಪದೇಶವಾಗಿ ಉಳಿಯಲಿಲ್ಲ, ನ್ಯಾಯಾಲಯ ಜಾರಿ ಮಾಡುವ ಹೊಣೆಯೇ ಆಯಿತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಆ ಹೊಣೆಯನ್ನು ಕಿತ್ತುಹಾಕಿದೆ. ತಿದ್ದುಪಡಿಯ ನಂತರ ತಂದೆ ಮಾಡಿದ ಸಾಲಕ್ಕೆ, ಮಗ ಎಂಬ ಒಂದೇ ಕಾರಣಕ್ಕೆ, ಮಗನ ಮೇಲೆ ಯಾರೂ ಹೋಗುವಂತಿಲ್ಲ. ತಂದೆಯಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ. ‘ನಾನು ಹೋದರೂ ಸಾಲ ಮಕ್ಕಳ ಕೊರಳಿಗೆ’ ಎಂದು ಹೆದರಿ ಕುಳಿತಿರುವ ಎಷ್ಟು ಮನೆಗಳಿಗೆ ಈ ಸಂಗತಿ ಗೊತ್ತಿದೆ ಎಂದು ನಾನು ಇಲ್ಲಿರುವ ವಕೀಲ ಮಿತ್ರರನ್ನು ಕೇಳುತ್ತೇನೆ.

ಇನ್ನು ನಮ್ಮ ಸೀಮೆಯ ಚರಿತ್ರೆ. ಬ್ರಿಟಿಷರ ಆಡಳಿತದಲ್ಲಿ ಧಾರವಾಡ ಜಿಲ್ಲೆಗೆ ಸೇರಿದ ಕರ್ಜಗಿ ತಾಲ್ಲೂಕು ಇತ್ತು, ಹಾವೇರಿ ಪಟ್ಟಣ ಅದರೊಳಗಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋದಾಗ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮುಂಬಯಿಯ ಷೇರು ಪೇಟೆ ಕುಸಿದು, ಹತ್ತಿಯ ದೊರೆ ಎನಿಸಿಕೊಂಡಿದ್ದ ಪ್ರೇಮಚಂದ್ ರಾಯ್‌ಚಂದ್ ಕೂಡ ಮುಳುಗಿದ. ಮುಂಬಯಿಯ ವ್ಯಾಪಾರಿಗಳ ಲೆಕ್ಕ ಮುಗಿಸಲು ಸರ್ಕಾರ ಅದೇ ವರ್ಷ ಕಾಯ್ದೆಯನ್ನೇ ಮಾಡಿತು. ಅದೇ ಹತ್ತಿ ಬೆಳೆದ ರೈತ ತಾನು ಬರೆದುಕೊಟ್ಟ ಪತ್ರಕ್ಕೆ ಕಟ್ಟುಬಿದ್ದ. ದಖನ್ನಿನ ರೈತರು 1875ರಲ್ಲಿ ಪುಣೆ ಜಿಲ್ಲೆಯ ಸುಪಾದಲ್ಲಿ ಸಾವಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 1879ರ ದಖನ್ ಕೃಷಿಕರ ಪರಿಹಾರ ಕಾಯ್ದೆ ಸಾಲಕ್ಕಾಗಿ ರೈತನನ್ನು ಬಂಧಿಸುವುದನ್ನು ನಿಲ್ಲಿಸಿತು, ರೈತನಿಗಾಗಿಯೇ ದಿವಾಳಿಯ ಅಧ್ಯಾಯವೊಂದನ್ನು ಇಟ್ಟಿತು. ಆದರೆ ಆರಂಭದಲ್ಲಿ ಅದು ಜಾರಿಯಾದದ್ದು ಪುಣೆ, ಸಾತಾರಾ, ಸೋಲಾಪುರ, ಅಹಮದ್‌ನಗರ ಜಿಲ್ಲೆಗಳಲ್ಲಿ. ಧಾರವಾಡ ಆ ಪಟ್ಟಿಯಲ್ಲಿರಲಿಲ್ಲ. ಗದ್ದಲ ಮಾಡಿದವರಿಗೆ ಕಾಯ್ದೆ ಮೊದಲು ಸಿಗುತ್ತದೆ ಎಂಬುದು ಇಂದಿನ ಕಥೆ ಮಾತ್ರವಲ್ಲ.

ವ್ಯಾಪಾರಿಗೂ ರೈತನಿಗೂ ಕೂಲಿಗೂ ಸಮನಾಗಿ ಅನ್ವಯವಾಗುವ ದಿವಾಳಿ ಕಾನೂನು ಎಂದರೆ ನಮ್ಮ ಸೀಮೆಗೆ 1920ರ ಪ್ರಾಂತೀಯ ದಿವಾಳಿತನ ಕಾಯ್ದೆ. ಮುಂಬಯಿ, ಕಲ್ಕತ್ತ, ಮದ್ರಾಸು ನಗರಗಳಿಗೆ 1909ರ ಕಾಯ್ದೆ ಬೇರೆಯಾಗಿಯೇ ಇತ್ತು. 1939 ಮತ್ತು 1947ರಲ್ಲಿ ಮುಂಬಯಿ ಸರ್ಕಾರ ಕೃಷಿಕರ ಸಾಲ ಇತ್ಯರ್ಥಕ್ಕೆ ಇನ್ನೆರಡು ಕಾಯ್ದೆ ಮಾಡಿತು. ಅವುಗಳ ಕಾಲ ಮುಗಿಯಿತು. 1920ರ ಕಾಯ್ದೆ ಇನ್ನೂ ಬದುಕಿದೆ. ಆದ್ದರಿಂದ ಅದರ ಒಳಗೆ ಸ್ವಲ್ಪ ಹೊತ್ತು ನಿಲ್ಲೋಣ.

ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅವನಿಗೆ ಸ್ವಂತ ಹೊಲವಿಲ್ಲ, ಲಾವಣಿ, ಎಂದರೆ ಗೇಣಿ, ಹಿಡಿದು ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದಾನೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ಬಣ್ಣಕ್ಕೆ ಹೆಸರಾದ ಈ ಕಾಯಿಯ ಬೆಲೆಯೂ ಎಲ್ಲ ಬೆಲೆಗಳಂತೆ ಕಾಲು ಜಾರುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮ್ಮೆಲ್ಲರ ಕಣ್ಣಮುಂದಿದೆ. ನಮ್ಮ ರೈತನಿಗೆ ಅಡತಿ ಅಂಗಡಿಯ ಮುಂಗಡ ಮೂರು ಲಕ್ಷ, ಕೈಗಡ ಎರಡು ಲಕ್ಷ, ಸಂಘದ ಸಾಲ ಒಂದು ಲಕ್ಷ, ಟ್ರ್ಯಾಕ್ಟರಿನ ಫೈನಾನ್ಸ್ ನಾಲ್ಕು ಲಕ್ಷ ಬಾಕಿ ಇದೆ ಎನ್ನೋಣ. ಊರ ಹೊರಗೊಂದು ಖಾಲಿ ಜಾಗವಿದೆ, ಇರಲು ಮನೆಯಿದೆ, ಜೋಡೆತ್ತು ಇವೆ.

ದಿವಾಳಿಯ ಅರ್ಜಿ ಹಾಕದಿದ್ದರೆ ಏನಾಗುತ್ತದೆ? ಯಾರು ಮೊದಲು ದಾವೆ ಹೂಡಿ ಡಿಕ್ರಿ ತರುತ್ತಾರೋ, ಅವರು ಖಾಲಿ ಜಾಗದ ಮೇಲೆ ಜಪ್ತಿ ತರುತ್ತಾರೆ. ಹಿಂದೆ ಬಿದ್ದವರಿಗೆ ಏನೂ ಇಲ್ಲ. ಆದ್ದರಿಂದ ಪ್ರತಿಯೊಬ್ಬ ಸಾಲಿಗನಿಗೂ ಆತುರ, ಬೆದರಿಕೆ, ಬಾಗಿಲಲ್ಲಿ ಕೂಗಾಟ. ದಿವಾಳಿ ಕಾನೂನಿನ ಮೊದಲ ಕೆಲಸ ಈ ಓಟವನ್ನು ನಿಲ್ಲಿಸುವುದು. ಅರ್ಜಿಯೊಂದಿಗೆ ಸಾಲಗಾರ ಎಲ್ಲ ಸಾಲಿಗರ ಹೆಸರು, ಮೊತ್ತ, ತನ್ನ ಎಲ್ಲ ಆಸ್ತಿಯ ವಿವರ ಕೊಡಬೇಕು. ನ್ಯಾಯಾಲಯ ಒಪ್ಪಿ ದಿವಾಳಿ ಎಂದು ಘೋಷಿಸಿದರೆ ಆಸ್ತಿ ನ್ಯಾಯಾಲಯ ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅಲ್ಲಿಂದಾಚೆ ಒತ್ತೆ ಇಲ್ಲದ ಸಾಲಿಗರು ನ್ಯಾಯಾಲಯದ ಅನುಮತಿಯಿಲ್ಲದೆ ಬಿಡಿಬಿಡಿಯಾಗಿ ಅವನ ಬೆನ್ನು ಹತ್ತುವಂತಿಲ್ಲ.

ಎಲ್ಲ ಆಸ್ತಿಯೂ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಗೆ ಒಳಪಡದ ವಸ್ತುಗಳ ಪಟ್ಟಿ ಇದೆ. ಅವು ರಿಸೀವರಿಗೂ ಸಿಗುವುದಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಹತಾರಗಳು, ಕೃಷಿಕನ ಉಳುಮೆಯ ಸಾಮಾನು, ಬೇಸಾಯಕ್ಕೆ ಬೇಕಾದ ದನ, ಬಿತ್ತನೆ ಬೀಜ, ಕೃಷಿಕ ಅಥವಾ ಕೂಲಿಕಾರ ತಾನೇ ವಾಸವಿರುವ ಮನೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಹೆಂಡತಿಗೆ ತವರಿನಿಂದ ಬಂದ ಬಂಗಾರ ಅವಳದು, ಗಂಡನ ಲೆಕ್ಕಕ್ಕೆ ಬರುವಂಥದಲ್ಲ. ಸ್ವಂತ ಹೊಲವಿದ್ದವನಿಗೆ ಮಾತ್ರ ಇಲ್ಲಿ ನೋವಿದೆ: ಆ ಕಲಮಿನ ಮೂಲ ಪಟ್ಟಿ ಮನೆ, ದನ, ಬೀಜವನ್ನು ಕಾಪಾಡುವಷ್ಟು ಭೂಮಿಯನ್ನು ಕಾಪಾಡುವುದಿಲ್ಲ. ಮನೆಯನ್ನೇ ಅಡವಿಟ್ಟಿದ್ದರೆ ಅಡವು ಹಿಡಿದವನ ಎದುರು ಈ ರಕ್ಷಣೆ ನಿಲ್ಲುವುದಿಲ್ಲ.

ಈಗ ಲೆಕ್ಕ. ಟ್ರ್ಯಾಕ್ಟರಿನ ಮೇಲೆ ಹಕ್ಕಿರುವ ಫೈನಾನ್ಸಿನವರು ಓಟ ನಿಂತರೂ ತಮ್ಮ ವಸ್ತುವನ್ನು ಒಯ್ಯಬಹುದು. ಅದು ಮೂರು ಲಕ್ಷಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಉಳಿದ ಒಂದು ಲಕ್ಷಕ್ಕೆ ಅವರೂ ಸಾಲಿನಲ್ಲಿ ನಿಲ್ಲುತ್ತಾರೆ. ಹೀಗೆ ಉಳಿದ ಒಟ್ಟು ಸಾಲ ಏಳು ಲಕ್ಷ. ಖಾಲಿ ಜಾಗ ಮಾರಿ, ಖರ್ಚು ಕಳೆದು 1 ಲಕ್ಷ 40 ಸಾವಿರ ಕೈಗೆ ಬಂದರೆ ರೂಪಾಯಿಗೆ ಇಪ್ಪತ್ತು ಪೈಸೆ. ಅಡತಿಗೆ 60 ಸಾವಿರ, ಕೈಗಡದವರಿಗೆ 40 ಸಾವಿರ, ಸಂಘಕ್ಕೆ 20 ಸಾವಿರ, ಫೈನಾನ್ಸಿಗೆ 20 ಸಾವಿರ. ಜೋರಾಗಿ ಕೂಗಿದವನಿಗೂ ಕೈಗಡ ಕೊಟ್ಟು ಸುಮ್ಮನಿದ್ದ ವಿಧವೆ ಅತ್ತಿಗೆಗೂ ಅದೇ ಇಪ್ಪತ್ತು ಪೈಸೆ. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಬಾಕಿಗೆ, ಕೂಲಿ ಬಾಕಿಗೆ ಮಾತ್ರ ಕಾಯ್ದೆ ಮೊದಲ ಪಾಳಿ ಇಟ್ಟಿದೆ.

ಉಳಿದ ಎಂಬತ್ತು ಪೈಸೆ? ಅದಕ್ಕೆ ಉತ್ತರ ಬಿಡುಗಡೆ ಆದೇಶದಲ್ಲಿದೆ. ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಸಾಲಗಾರ ಮತ್ತೆ ಅರ್ಜಿ ಕೊಟ್ಟು ಬಿಡುಗಡೆ ಕೇಳಬೇಕು. ಕೇಳದೆ ಬಿಟ್ಟರೆ ಘೋಷಣೆಯೇ ರದ್ದಾಗಬಹುದು; ಈ ಒಂದು ದಿನಾಂಕವನ್ನು ಮರೆಯುವುದು ಕೈಗೆ ಬಂದ ತುತ್ತನ್ನು ಚೆಲ್ಲಿದಂತೆ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ ಪೂರ್ಣ ಬಿಡುಗಡೆ ಇಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಸಾಲಗಾರನ ಹೊಣೆಯಲ್ಲದ ಕಾರಣದಿಂದ ಹಾಗಾಗಿದ್ದರೆ ಈ ನಿಯಮ ಅಡ್ಡಬರುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಮಳೆ ಕೈಕೊಟ್ಟದ್ದು, ದರ ಕುಸಿದದ್ದು ಯಾರ ಹೊಣೆ? ನಮ್ಮ ವಕೀಲರು ಪಹಣಿ, ಬೆಳೆ ಸಮೀಕ್ಷೆ, ಮಾರುಕಟ್ಟೆಯ ದರಪಟ್ಟಿಗಳನ್ನು ಮುಂದಿಟ್ಟು ವಾದಿಸಬೇಕಾದ ಜಾಗ ಇದು.

ಈ ಹಕ್ಕಿಗೆ ತೆರಬೇಕಾದ ಬೆಲೆಯ ಮಾತಿಗೆ ಬರುತ್ತೇನೆ. ಹೊಲವನ್ನು ಅಳಿಯನ ಹೆಸರಿಗೆ ಬರೆದು ಬರಿಗೈಯಲ್ಲಿ ನ್ಯಾಯಾಲಯಕ್ಕೆ ಹೋದರೆ, ಎರಡು ವರ್ಷದೊಳಗಿನ ಅಂಥ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಅರ್ಜಿಯ ಹಿಂದಿನ ಮೂರು ತಿಂಗಳೊಳಗೆ ಬೀಗರ ಸಾಲವನ್ನಷ್ಟೇ ತೀರಿಸಿ ಉಳಿದವರಿಗೆ ಕೈ ಎತ್ತಿದರೆ ಅದಕ್ಕೂ ತಡೆ ಇದೆ. ಆಸ್ತಿ ಮುಚ್ಚಿಟ್ಟರೆ ಜೈಲು. ದಿವಾಳಿಯಾಗಿದ್ದೇನೆ ಎಂದು ತಿಳಿಸದೆ ಮತ್ತೆ ಸಾಲ ಎತ್ತುವುದು ಅಪರಾಧ. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ಮೋಸದಿಂದ ತಂದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಬಿಡುಗಡೆಯಿಂದ ಮಾಫಿಯಾಗುವುದಿಲ್ಲ. ಚೆಕ್ ಬೌನ್ಸ್ ಆದ ಕ್ರಿಮಿನಲ್ ಪ್ರಕರಣ ಬೇರೆಯೇ ದಾರಿಯಲ್ಲಿ ನಡೆಯುತ್ತದೆ. ಚುನಾಯಿತ ಸ್ಥಳೀಯ ಸಂಸ್ಥೆಯ ಸದಸ್ಯತ್ವಕ್ಕೂ ಕುತ್ತು ಬರುತ್ತದೆ.

ಎಲ್ಲಕ್ಕಿಂತ ಭಾರವಾದದ್ದು ಇನ್ನೊಂದು: ಸಾಲಗಾರ ಬಿಡುಗಡೆಯಾದರೂ ಜಾಮೀನು ನಿಂತವರು ಬಿಡುಗಡೆಯಾಗುವುದಿಲ್ಲ. ಗುಂಪು ಹೊಣೆಯ ಮೇಲೆ ಸಂಘದ ಸಾಲ ತಂದ ಹೆಣ್ಣುಮಗಳು ತಾನೊಬ್ಬಳು ದಿವಾಳಿಯಾದರೆ, ಜೊತೆಯಲ್ಲಿ ಸಹಿ ಹಾಕಿದ ಓಣಿಯ ಹೆಣ್ಣುಮಕ್ಕಳ ಮೇಲೆ ಕಂತು ಬೀಳುತ್ತದೆ. ನ್ಯಾಯಾಲಯದಲ್ಲಿ ಗೆದ್ದರೂ ಓಣಿಯಲ್ಲಿ ಮುಖ ತೋರಿಸುವುದು ಕಷ್ಟ. 1920ರ ಕಾಯ್ದೆ ಬರೆದವರ ಮುಂದೆ ಇದ್ದದ್ದು ಒಂಟಿ ಸಾಲಗಾರ. ಇಂದಿನ ಬಡವರ ಸಾಲದ ದೊಡ್ಡ ಪಾಲು ಗುಂಪಿನದು. ಈ ಕಾಯ್ದೆಯ ಅತಿ ದೊಡ್ಡ ಕೊರತೆ ನನ್ನ ಮಟ್ಟಿಗೆ ಇದೇ.

ಹಾಗಾದರೆ ಸಾಲಮನ್ನಾ ಸಾಲದೇ ಎಂದು ಕೇಳಬಹುದು. 2008ರಲ್ಲಿ ಕೇಂದ್ರ, 2018ರಲ್ಲಿ ರಾಜ್ಯ ಬೆಳೆಸಾಲ ಮನ್ನಾ ಮಾಡಿದವು. ಬ್ಯಾಂಕಿನ, ಸೊಸೈಟಿಯ ಸಾಲ ಇಳಿಯಿತು. ಅಡತಿಯ ಚೀಟಿ, ಕೈಗಡ ಹಾಗೆಯೇ ಉಳಿದವು. ಖಾಸಗಿ ಸಾಲಕ್ಕೆ ಕೈಹಾಕಿದ್ದು ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ, ಮತ್ತೆ 2019ರಲ್ಲಿ ಜಾರಿಗೆ ಬಂದ ಇನ್ನೊಂದು ಋಣ ಪರಿಹಾರ ಕಾಯ್ದೆ. ಇವು ಒಂದು ವರ್ಗಕ್ಕೆ ಒಂದು ಸಲ ಕೊಡುವ ಪರಿಹಾರಗಳು. ಮುಂದಿನ ವರ್ಷ ಸೋತವನಿಗೆ ಅವು ಒದಗುವುದಿಲ್ಲ. 2025ರಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟ ಸುದ್ದಿಗಳು ಬಂದಾಗ ರಾಜ್ಯ ಸರ್ಕಾರ ತಂದ ಕಾನೂನು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂದಿತು. ಅದು ಬೇಕಾಗಿತ್ತು, ನಾನು ಅದರ ಪರ. ಆದರೆ ನೋಂದಾಯಿತ ಸಂಸ್ಥೆಯ ಸಾಲ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಕೂಗಾಟ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ.

ಸಾಲ ಕೊಟ್ಟವನಿಗೆ ಅನ್ಯಾಯವಲ್ಲವೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಬಾರದು. ಸಭೆಯಲ್ಲಿ ಅಡತಿಯವರೂ ಇದ್ದೀರಿ. ಬಡ್ಡಿ ಎಂಬುದು ದುಡ್ಡಿನ ಬಾಡಿಗೆ ಅಷ್ಟೇ ಅಲ್ಲ, ದುಡ್ಡು ಮುಳುಗುವ ಭಯದ ಬೆಲೆಯೂ ಹೌದು. ಬ್ಯಾಂಕಿಗಿಂತ ಎರಡು ಮೂರು ಪಟ್ಟು ಬಡ್ಡಿ ಹಿಡಿದವರು ಆ ಭಯದ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ತಂದಿರುತ್ತಾರೆ. ಭಯ ನಿಜವಾದ ದಿನ ಪೂರ್ತಿ ಅಸಲೂ ಬೇಕು, ಪೂರ್ತಿ ಬಡ್ಡಿಯೂ ಬೇಕು ಎನ್ನುವುದು ವ್ಯಾಪಾರದ ನ್ಯಾಯವೂ ಅಲ್ಲ. ಬಡ್ಡಿಯಿಲ್ಲದೆ ಕೈಗಡ ಕೊಟ್ಟ ನೆಂಟನ ಸಂಗತಿ ಬೇರೆ. ಅವನ ನಷ್ಟ ನಿಜವಾದ ನಷ್ಟ, ಅದನ್ನು ನಾನು ಸಮರ್ಥಿಸಲಾರೆ. ಇಂಗ್ಲೆಂಡಿನಲ್ಲಿ ಪ್ರಾಮಾಣಿಕ ದಿವಾಳಿದಾರನಿಗೆ ಬಿಡುಗಡೆ ಕೊಡುವ ಕಾಯ್ದೆ 1705ರಷ್ಟು ಹಿಂದೆಯೇ ಬಂದದ್ದು ದಯೆಯಿಂದಲ್ಲ. ಬಿಡುಗಡೆಯ ಆಸೆ ಇದ್ದರೆ ಆಸ್ತಿ ಹೊರಗೆ ಬರುತ್ತದೆ, ಇಲ್ಲದಿದ್ದರೆ ಸಾಲಗಾರ ಅದನ್ನು ಬಚ್ಚಿಡುತ್ತಾನೆ ಎಂಬ ವ್ಯಾಪಾರಿ ಲೆಕ್ಕದಿಂದ.

ಪ್ರಾಮಾಣಿಕವಾಗಿ ಸೋತವನನ್ನು ಬೇರೆಯಾಗಿ ಕಾಣುವ ತಿಳಿವಳಿಕೆ ನಮ್ಮ ಕಾನೂನಿನಲ್ಲೂ ಇದೆ. ಸಾಲ ತೀರಿಸಲು ಶಕ್ತಿಯೇ ಇಲ್ಲದವನನ್ನು ಬರೀ ಬಾಕಿಗಾಗಿ ಜೈಲಿಗೆ ಹಾಕುವಂತಿಲ್ಲ, ಅವನಲ್ಲಿ ಕೆಟ್ಟ ಉದ್ದೇಶ ಇರಬೇಕು ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ. ಇನ್ನೂ ಮುಖ್ಯವಾದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 55ನೇ ಕಲಮು: ಡಿಕ್ರಿಯಲ್ಲಿ ಬಂಧಿತನಾಗಿ ಬಂದ ಸಾಲಗಾರನಿಗೆ ‘ನೀನು ದಿವಾಳಿ ಘೋಷಣೆಗೆ ಅರ್ಜಿ ಹಾಕಬಹುದು’ ಎಂದು ನ್ಯಾಯಾಲಯವೇ ತಿಳಿಸಬೇಕು. ಕಾನೂನು ತಾನೇ ಬಾಯಿಬಿಟ್ಟು ಹೇಳು ಎಂದ ಮಾತನ್ನು ಹೊರಗೆ ನಾವು ಯಾರೂ ಹೇಳುತ್ತಿಲ್ಲ.

ಕೊನೆಯದಾಗಿ 2016ರ ದಿವಾಳಿ ಸಂಹಿತೆ. ಕಂಪನಿಗಳ ಮಟ್ಟಿಗೆ ಅದು ದೇಶದಲ್ಲಿ ದೊಡ್ಡ ಹೆಸರು. ಅದರ ಮೂರನೆಯ ಭಾಗ ವ್ಯಕ್ತಿಗಳಿಗೆ ಸಂಬಂಧಿಸಿದ್ದು. ಸಣ್ಣ ಸಾಲಗಾರರಿಗೆ ಹೊಸ ಆರಂಭ ಎಂಬ ಸರಳ ಕ್ರಮ, ಅದಕ್ಕಿಂತ ದೊಡ್ಡ ಸಾಲಕ್ಕೆ ಸಾಲಿಗರೊಂದಿಗೆ ಮರುಪಾವತಿ ಯೋಜನೆ, ಅದೂ ಮುರಿದರೆ ದಿವಾಳಿ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಬಿಡುಗಡೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ 2019ರ ಡಿಸೆಂಬರ್ 1ರಿಂದ ಈ ಭಾಗವನ್ನು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಕೋಟಿಗಳಿಗೆ ಸಹಿ ಹಾಕಿದ ಉದ್ಯಮಿಗೆ ಹೊಸ ಕಾನೂನು, ಲಾವಣಿ ರೈತನಿಗೆ ಶತಮಾನದ ಹಿಂದಿನ ಕಾನೂನು.

ಜಾರಿಗೆ ತಂದರೂ ಈಗಿರುವಂತೆ ಅದು ನಮಗೆ ಒದಗದು. ಹೊಸ ಆರಂಭಕ್ಕೆ ಸಂಹಿತೆ ಹಾಕಿದ ಮಿತಿ: ವರ್ಷದ ಆದಾಯ 60 ಸಾವಿರ, ಆಸ್ತಿ 20 ಸಾವಿರ, ಸಾಲ 35 ಸಾವಿರ ಮೀರಬಾರದು, ಸ್ವಂತ ಮನೆ ಇರಲೇಬಾರದು. ಮೈಕ್ರೋ ಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ಇಟ್ಟ ಕುಟುಂಬ ಆದಾಯದ ಮಿತಿ ಮೂರು ಲಕ್ಷ. ಸಾಲ ಕೊಡುವಾಗ ಮೂರು ಲಕ್ಷದವರೆಗೆ ಬಡವ, ಬಿಡುಗಡೆ ಕೇಳುವಾಗ ಅರವತ್ತು ಸಾವಿರದವರೆಗೆ ಮಾತ್ರ ಬಡವ! ಜೊತೆಗೆ ವ್ಯಕ್ತಿಗಳ ಪ್ರಕರಣ ಕೇಳಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿ. ನಮ್ಮ ರಾಜ್ಯದಲ್ಲಿ ಅದು ಕುಳಿತಿರುವುದು ಬೆಂಗಳೂರಿನಲ್ಲಿ. ಕರ್ಜಗಿಯ ಸಾಲಗಾರ 35 ಸಾವಿರದ ಸಾಲಕ್ಕೆ ರೈಲು ಹತ್ತಿ ಅಲ್ಲಿಗೆ ಅಲೆಯಬೇಕೇ?

ಆದ್ದರಿಂದ ಸರ್ಕಾರಕ್ಕೆ ನನ್ನ ಬೇಡಿಕೆಗಳು ಇವು: ಸಂಹಿತೆಯ ಮೂರನೆಯ ಭಾಗವನ್ನು ಎಲ್ಲರಿಗೂ ಜಾರಿ ಮಾಡಿ, ಮಿತಿಗಳನ್ನು ಇಂದಿನ ಆದಾಯಕ್ಕೆ ಏರಿಸಿ, ಅರ್ಜಿ ಕೇಳುವ ಅಧಿಕಾರವನ್ನು ಜಿಲ್ಲೆಯಲ್ಲೇ ಇಡಿ. ಗುಂಪು ಸಾಲದ ಜೊತೆಗಾರರಿಗೆ ರಕ್ಷಣೆಯನ್ನೂ ಅದರಲ್ಲಿ ಬರೆಯಿರಿ. ಅದಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. 1920ರ ಕಾಯ್ದೆಯಡಿ ಅರ್ಜಿ ಹಾಕುವುದು ಜಿಲ್ಲಾ ನ್ಯಾಯಾಲಯದಲ್ಲಿ, ಅಥವಾ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯದಲ್ಲಿ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಪ್ರಶ್ನೆಯಿಲ್ಲದೆ ಅಲ್ಲಿ ಉಚಿತ ನೆರವಿಗೆ ಅರ್ಹರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳ ವಕೀಲರ ಸಂಘಗಳು ಕನ್ನಡದಲ್ಲಿ ಅರ್ಜಿಯ ಮಾದರಿಯೊಂದನ್ನು ಸಿದ್ಧಪಡಿಸಿ ಗ್ರಾಮ ಪಂಚಾಯಿತಿಗಳಲ್ಲಿ, ಸೊಸೈಟಿಗಳಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಇಡಬೇಕು. ಮುಂದಿನ ಸುಗ್ಗಿಯ ಆವಕ ಶುರುವಾಗುವ ಮೊದಲೇ ಅದನ್ನು ಇಡಿ ಎಂದು ಸಭೆಯಲ್ಲಿರುವ ವಕೀಲ ಮಿತ್ರರಲ್ಲಿ ಕೇಳಿಕೊಳ್ಳುತ್ತೇನೆ.